ಒಂಬತ್ತನೆಯ ಅಧ್ಯಾಯವಿಲ್ಲದ ಕಾದಂಬರಿ

ಒಲೊಮೊತ್ಸ್ ಪಟ್ಟಣದ ಹಾಲಿನ ಡೈರಿಯಲ್ಲಿ ಟೈಪಿಸ್ಟ್ ಆಗಿದ್ದ ಹೆರ್ಮಿನಾಗೆ ಕಾದಂಬರಿಗಳೆಂದರೆ ಪ್ರಾಣ. ಕಾದಂಬರಿಕಾರರನ್ನು ಕಂಡರೆ ಅಷ್ಟಕ್ಕಷ್ಟೆ.

ಅವಳಪ್ಪ ಕ್ಷೌರಿಕ. ಅವನ ಗಿರಾಕಿಗಳು ಸೋಪಿನ ನೊರೆಯೊಳಗಿಂದಲೇ ಕಥೆ ಹೇಳುತ್ತಿದ್ದರು, ಕತ್ತಿ ಗಂಟಲ ಮೇಲಿದ್ದರೂ ನಿಲ್ಲಿಸುತ್ತಿರಲಿಲ್ಲ. ತಾಯಿ ಬೇಗ ತೀರಿಹೋದದ್ದರಿಂದ ತಂಗಿ ವ್ಲಾಸ್ತಾಳನ್ನು ಸಾಕಿದ್ದು ಇವಳೇ. ವ್ಲಾಸ್ತಾ ಚಿಕ್ಕಂದಿನಿಂದ ಎಡಗಾಲು ಎಳೆದು ನಡೆಯುವವಳು. ಈಗ ಅದೇ ಊರಿನ ಶಾಲೆಯಲ್ಲಿ ಟೀಚರು.

ಅರವತ್ತೆಂಟರಲ್ಲಿ ರಷ್ಯದ ಟ್ಯಾಂಕುಗಳು ದೇಶದೊಳಗೆ ನುಗ್ಗಿದ ಮೇಲೆ, ಸರ್ಕಾರದ ನಿಷೇಧದಿಂದ ಒಳ್ಳೆಯ ಪುಸ್ತಕಗಳು ಅಚ್ಚಾಗುವುದು ನಿಂತಿತು. ಅವುಗಳನ್ನು ಹೆರ್ಮಿನಾ ಭಾನುವಾರ ಮಧ್ಯಾಹ್ನ ಕದ್ದು ಟೈಪು ಮಾಡತೊಡಗಿದಳು. ಯಂತ್ರದ ಕೆಳಗೆ ಮಡಚಿದ ಕಂಬಳಿ, ಪಕ್ಕದ ಮನೆಗೆ ಸದ್ದು ಕೇಳದಿರಲೆಂದು ರೇಡಿಯೊದಲ್ಲಿ ಬ್ಯಾಂಡು, ತೆಳು ಹಾಳೆಗಳ ನಡುವೆ ಕಾರ್ಬನ್ನು. ಎಲ್ಲಕ್ಕಿಂತ ಕೆಳಗಿನ ಪ್ರತಿ ಮಂಜಿನಲ್ಲಿ ಕಂಡ ಊರಿನಂತೆ ಮಸುಕಾಗಿರುತ್ತಿತ್ತು. ಅದು ಟೈಪು ಮಾಡಿದವಳ ಪಾಲಿಗೆ. ಕೆಲಸ ಮುಗಿದೊಡನೆ ಲೇಖಕನ ಕೈಬರಹವನ್ನು ಒಲೆಗೆ ಹಾಕಬೇಕು. ಕೈಬರಹ ಸಿಕ್ಕಿತೆಂದರೆ ಪೊಲೀಸರಿಗೆ ಬರೆದವನೇ ಸಿಕ್ಕಂತೆ. ಇದನ್ನು ಯಾರೂ ಮೀರುತ್ತಿರಲಿಲ್ಲ.

ಡಾಕ್ಟರ್ ಹೋಶೆಕ್ ತನ್ನ ಹೊಸ ಕಾದಂಬರಿಯನ್ನು ತಂದುಕೊಟ್ಟದ್ದು ಇವಳಿಗೇ. ಅವನು ವಿಶ್ವವಿದ್ಯಾಲಯದ ಮೇಷ್ಟರ ಕೆಲಸದಿಂದ ಹೊರದಬ್ಬಿಸಿಕೊಂಡು ಈಗ ಬಾಯ್ಲರಿಗೆ ಕಲ್ಲಿದ್ದಲು ಹಾಕುತ್ತಿದ್ದ. ಉಗುರಿನ ಮಸಿಯನ್ನು ಪೂರ್ತಿ ತೊಳೆಯುತ್ತಿರಲಿಲ್ಲ, ನೋಡುವವರು ನೋಡಲಿ ಎಂದು. ಹಿಂದೊಮ್ಮೆ ವ್ಲಾಸ್ತಾಳ ಹಿಂದೆ ಬಿದ್ದು ಬೈಸಿಕೊಂಡವನು. ಒಂಬತ್ತನೆಯ ಅಧ್ಯಾಯಕ್ಕೆ ಬಂದಾಗ ಹೆರ್ಮಿನಾಳ ಬೆರಳುಗಳು ನಿಂತವು. ಎಡಗಾಲು ಎಳೆಯುವ ಒಬ್ಬ ಟೀಚರು ಕೆಲಸ ಉಳಿಸಿಕೊಳ್ಳಲು ಶಾಲಾ ಇನ್‌ಸ್ಪೆಕ್ಟರನ ಹಾಸಿಗೆಗೆ ಹೋಗುತ್ತಾಳೆ. ಶುದ್ಧ ಸುಳ್ಳು. ಆದರೆ ಊರಿನಲ್ಲಿ ಅಂಥ ಕಾಲು ಎಷ್ಟು ಜನಕ್ಕಿದೆ? ಈ ಪುಟಗಳು ಮನೆಮನೆ ಸುತ್ತಿದರೆ ವ್ಲಾಸ್ತಾ ತರಗತಿಯಲ್ಲಿ ತಲೆಯೆತ್ತಿ ನಿಲ್ಲುವಂತಿಲ್ಲ.

ಹೆರ್ಮಿನಾ ಹೋಶೆಕ್‌ನನ್ನು ಬಿಯರ್ ಅಂಗಡಿಯಲ್ಲಿ ಹಿಡಿದಳು.

"ಆ ಕಾಲನ್ನಾದ್ರೂ ತೆಗೀರಿ ಡಾಕ್ಟರೇ."

"ನಿಮ್ಗೆ ಅರ್ಥ ಆಗಲ್ಲ ಹೆರ್ಮಿನಾ ಅವ್ರೆ. ಆಧುನಿಕ ಕಾದಂಬರೀಲಿ ಪಾತ್ರ ಅಂದ್ರೆ ಮನುಷ್ಯ ಅಲ್ಲ, ಒಂದು ದೃಷ್ಟಿಕೋನ."

"ದೃಷ್ಟಿಕೋನ ಕುಂಟುತ್ತಾ?"

"ಆ ಕಾಲು ಹೋದ್ರೆ ಕಾದಂಬರೀನೇ ಬಿದ್ದೋಗತ್ತೆ," ಎಂದು ಅವನು ಮೀಸೆಯ ನೊರೆ ಒರೆಸಿಕೊಂಡ. "ಆ ಅಧ್ಯಾಯ ನನ್ನ ರಕ್ತ ಕಣ್ರೀ."

ಮರುವಾರ ಅವಳು ಎಂಟನೆಯದಾದ ಮೇಲೆ ನೇರ ಹತ್ತನೆಯದಕ್ಕೆ ಕೈಹಾಕಿದಳು. ಅಧ್ಯಾಯದ ಅಂಕಿಯನ್ನು ತಿದ್ದಲಿಲ್ಲ. ಮೋಸ ಮಾಡುವುದಾದರೆ ಕಾಣುವಂತೆಯೇ ಮಾಡಬೇಕು ಎನಿಸಿತ್ತು. ಆಮೇಲೆ ನಿಯಮದಂತೆ ಕೈಬರಹವನ್ನೆಲ್ಲ ಸುಟ್ಟಳು. ಅವನ ರಕ್ತ ಒದ್ದೆ ಸೌದೆಯಂತೆ ಹೊಗೆಯಾಡಿತು. ಅವನು ಅದನ್ನು ಮತ್ತೆ ಬರೆಯಬಹುದೆಂದು ಅವಳಿಗೆ ಗೊತ್ತಿತ್ತು. ಜಗಳಕ್ಕೆ ಸಿದ್ಧಳಾಗಿದ್ದಳು, ಕಪಾಳಕ್ಕೆ ಹೊಡೆಯುವುದಕ್ಕೂ.

ಪ್ರತಿಗಳು ಹಂಚಿಹೋದವು. ತನ್ನದನ್ನು ತಾನು ಓದಿಕೊಳ್ಳುವ ಅಭ್ಯಾಸ ಹೋಶೆಕ್‌ಗೆ ಇರಲಿಲ್ಲ, ಹೊಗಳಿಕೆ ಬರುವುದನ್ನು ಕಾಯುತ್ತಿದ್ದ. ಅದು ಬಂದದ್ದು ಕೆಲಸ ಕಳೆದುಕೊಂಡ ಪ್ರೊಫೆಸರ್ ವಿಟೆಕ್‌ನ ಮನೆಯಲ್ಲಿ, ಒಂದು ಶನಿವಾರದ ಸಂಜೆ. ಹಂದಿಕೊಬ್ಬು ಸವರಿದ ಬ್ರೆಡ್ಡು, ಮೇಲೆ ಈರುಳ್ಳಿ. ಹೆರ್ಮಿನಾ ಬಾಗಿಲ ಪಕ್ಕ ಕೂತಿದ್ದಳು.

"ನಮ್ಮ ಕಾದಂಬರಿ ನಡೆದುಬಂದ ದಾರಿ ನೋಡಿ," ಎಂದು ವಿಟೆಕ್ ಶುರುಮಾಡಿದ. "ಮೊದಲು ಹಳ್ಳಿ ಅಜ್ಜಿ ಥರ ಎಲ್ಲಾ ಹೇಳ್ತು. ಆಮೇಲೆ ಬಿಯರ್ ಅಂಗಡಿ ಕುಡುಕನ ಥರ ಹೇಳಿದ್ದನ್ನೇ ಹೇಳ್ತು, ನಗಿಸ್ತು. ಆಮೇಲೆ ಕನ್ನಡಿ ಒಡ್ದು ಚೂರುಚೂರಾಗಿ ತೋರಿಸ್ತು. ಈಗ, ಹೋಶೆಕ್ ಕೈಯಲ್ಲಿ, ಬಾಯಿ ಮುಚ್ಕೊಳ್ಳೋದು ಕಲೀತು! ಎಂಟಾದ ಮೇಲೆ ಹತ್ತು. ಮಧ್ಯೆ ಒಂದು ಗುಂಡಿ. ನಮ್ಮ ದೇಶದ ಮೌನವೆಲ್ಲ ಆ ಗುಂಡೀಲಿದೆ!"

ಹೋಶೆಕ್ ಮೇಜಿನ ಮೇಲಿದ್ದ ಪ್ರತಿಯನ್ನೆತ್ತಿ ಗಡಬಡಿಸಿ ಪುಟ ತಿರುಗಿಸಿದ. ಮುಖ ಕೆಂಪಾಯಿತು, ಬಿಳುಪಾಯಿತು. ತಲೆಯೆತ್ತಿ ಹೆರ್ಮಿನಾಳನ್ನು ನೋಡಿದ. ಅವಳೂ ಕಣ್ಣು ತಪ್ಪಿಸದೆ ನೋಡಿದಳು. ಈಗ ಏಳುತ್ತಾನೆ, ಕಿರುಚುತ್ತಾನೆ ಎಂದುಕೊಂಡು ಕುರ್ಚಿಯ ಅಂಚು ಹಿಡಿದಳು.

ಅಷ್ಟರಲ್ಲಿ ಯಾರೋ ಚಪ್ಪಾಳೆ ತಟ್ಟಿದರು.

"ಅದು... ಬಹಳ ಕಷ್ಟದ ನಿರ್ಧಾರ," ಎಂದ ಹೋಶೆಕ್, ಕಣ್ಣು ಅರೆಮುಚ್ಚಿ. "ಬರೆದಿದ್ದೆ. ನಾನೇ ಸುಟ್ಟೆ."

ಹೆರ್ಮಿನಾ ಕುರ್ಚಿಯ ಅಂಚು ಬಿಟ್ಟಳು. ಇವನ ರಕ್ತಕ್ಕೆ ಇಷ್ಟೇನಾ ಬೆಲೆ? ತಂಗಿಯ ಮಾನಕ್ಕಾಗಿ ಒಂದು ಪದ ಬಿಡದವನು ಒಂದು ಚಪ್ಪಾಳೆಗೆ ಇಡೀ ಅಧ್ಯಾಯ ಮಾರಿದ. ಇನ್ನು ಆ ಸುಳ್ಳನ್ನು ಮತ್ತೆ ಬರೆಯುವ ಧೈರ್ಯ ಇವನಿಗೆ ಈ ಜನ್ಮದಲ್ಲಿ ಬರುವುದಿಲ್ಲ. ಬರೆದರೆ ಗುಂಡಿ ಮುಚ್ಚಿಹೋಗುತ್ತದಲ್ಲ!

ಮೆಟ್ಟಿಲಿಳಿಯುವಾಗ ಅವನು ಹಿಂದೆಯೇ ಬಂದ. ಬೈಯಲಿಲ್ಲ. ದನಿ ತಗ್ಗಿಸಿ, "ನನ್ನ ಹಳೇ ಕಾದಂಬರೀಲೂ ಒಂದಿಷ್ಟು ತೆಗೀಬಹುದು ಅನ್ಸತ್ತೆ. ನೀವು ಓದಿದೀರಲ್ಲ, ಯಾವ ಅಧ್ಯಾಯ ತೆಗೆದ್ರೆ ಚೆನ್ನ?" ಎಂದ.

"ಎಲ್ಲಾ ತೆಗೀರಿ ಡಾಕ್ಟರೇ," ಎಂದಳು ಹೆರ್ಮಿನಾ. "ಇನ್ನೂ ಆಧುನಿಕ ಆಗತ್ತೆ."

ಅವಳು ಮುಂದೆಯೂ ಬಹಳ ವರ್ಷ ಬೇರೆಯವರ ಪುಸ್ತಕಗಳನ್ನು ಟೈಪು ಮಾಡಿದಳು, ಒಂದಕ್ಷರ ಬಿಡದೆ. ಹೋಶೆಕ್‌ಗೆ ಇನ್ನೊಬ್ಬ ಟೈಪಿಸ್ಟ್ ಸಿಕ್ಕಳು. ಪಾಪ, ಬಲು ನಿಯತ್ತಿನವಳು, ಅವನು ಬರೆದದ್ದನ್ನೆಲ್ಲ ಹಾಗೆಯೇ ಟೈಪು ಮಾಡಿದಳು. ಆ ಪುಸ್ತಕಗಳನ್ನು ಯಾರೂ ಕೊನೆಯವರೆಗೆ ಓದಲಿಲ್ಲ.