ಸರ್ಕಾರಿ ಶಾಲೆಯೇ ಸಾಕು ಎಂದವನು ನಾನು

ನನ್ನ ಮಗಳಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ತಮಿಳು ಓದುತ್ತಾಳೆ, ಆದರೆ ನಮ್ಮ ಸೋಮವಾರಪೇಟೆಯ ಕಡೆ ಅದನ್ನು ಕೇಳುವವರಿಲ್ಲ. ಅವಳ ಅಪ್ಪ ಬಿ.ಎ. ಇದನ್ನು ಯಾರೂ ನನ್ನ ಮುಖದ ಮೇಲೆ ಆಡಿಲ್ಲ. ಹಿಂದೆ ಆಡಿಕೊಂಡಿರುತ್ತಾರೆ. ನಾನೇ ಬರೆದುಬಿಡುವುದು ಮೇಲು.

ನಮ್ಮ ತಂದೆಗೆ ಸಹಿ ಹಾಕಲು ಬರುತ್ತಿರಲಿಲ್ಲ. ಹನ್ನೊಂದನೇ ವಯಸ್ಸಿನಲ್ಲಿ ನನ್ನನ್ನು ಮಡಿಕೇರಿಗೆ ಕರೆದುಕೊಂಡು ಹೋಗಿ ಸರ್ಕಾರಿ ಹೈಸ್ಕೂಲಿನ ಮುಂದೆ ನಿಲ್ಲಿಸಿದರು. ಹೆಡ್‌ಮಾಸ್ತರರು ಒಂದು ಪುಟ ಓದಿಸಿ ಸೇರಿಸಿಕೊಂಡರು. ಒಬ್ಬ ಶೆಟ್ಟರ ಮಂಡಿಯ ಹಿಂದಿನ ಮೂಲೆಯಲ್ಲಿ ನಾನೇ ಅನ್ನ ಬೇಯಿಸಿಕೊಂಡು ಓದಿದೆ. ಆಮೇಲೆ ಮಂಗಳೂರು, ಆಮೇಲೆ ಬಿ.ಎ. ನಮ್ಮೂರ ಸುತ್ತಿನಲ್ಲಿ ಆ ಎರಡಕ್ಷರ ಸಂಪಾದಿಸಿದವನು ನಾನೊಬ್ಬನೇ. ಆ ಕಾಲಕ್ಕೆ ಮಡಿಕೇರಿಯ ಹೈಸ್ಕೂಲಿನಲ್ಲಿ ಜಾಗ ಸಿಗುವುದೇ ಒಂದು ಮರ್ಯಾದೆ. ಅಲ್ಲಿ ಸಿಗದವರು, ಫೇಲಾದವರು, ಕೈಯಲ್ಲಿ ಕಾಸಿದ್ದರೆ ಮೈಸೂರು ಸೀಮೆಯಲ್ಲಿ ಖಾಸಗಿ ಶಾಲೆ ಹುಡುಕಿಕೊಂಡು ಹೋಗುತ್ತಿದ್ದರು. ಸರ್ಕಾರಿ ಶಾಲೆ ಎಂದರೆ ಓದುವವರದು, ಖಾಸಗಿ ಶಾಲೆ ಎಂದರೆ ದುಡ್ಡಿದ್ದ ದಡ್ಡರದು. ನನ್ನ ತಲೆಯಲ್ಲಿ ಅದು ಹಾಗೆ ಕೂತುಬಿಟ್ಟಿತ್ತು.

ಬಿ.ಎ. ಆದರೂ ಸರ್ಕಾರಿ ಕೆಲಸ ಸಿಗಲಿಲ್ಲ. ಸುಂಟಿಕೊಪ್ಪದ ಹತ್ತಿರ ಒಬ್ಬ ಬಿಳಿ ದೊರೆಯ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆದೆ. ಕಾಫಿಯ ಬೆಲೆ ಬಿದ್ದ ವರ್ಷ ದೊರೆ ಎಸ್ಟೇಟು ಮಾರಿ, ಸಿಲೋನಿನಲ್ಲಿ ಒಂದು ಟೀ ತೋಟದ ಉಸ್ತುವಾರಿ ಹಿಡಿದ. ನನ್ನನ್ನೂ ಸಂಸಾರ ಸಮೇತ ಬಾ ಎಂದ. ಮಗಳಿಗೆ ಆಗ ಏಳು ವರ್ಷ. ಅಕ್ಷರಮಾಲೆ ಮುಗಿಸಿ ಕಾಗುಣಿತದಲ್ಲಿದ್ದಳು.

ಆ ತೋಟದ ಕೆಳಗಿನ ಪೇಟೆಯಲ್ಲಿ ಎರಡು ಶಾಲೆಗಳಿವೆ ಎಂದು ದೊರೆಯೇ ಹೇಳಿದ. ಒಂದು ಮಿಷನ್ನಿನ ಹೆಂಗಸರು ನಡೆಸುವ ಇಂಗ್ಲಿಷ್ ಶಾಲೆ, ಅದಕ್ಕೆ ಫೀಸು. ಇನ್ನೊಂದು ಸರ್ಕಾರದ್ದು, ಫೀಸಿಲ್ಲ. ಬೇಕಾದರೆ ಮಿಷನ್ ಶಾಲೆಯ ಅರ್ಧ ಫೀಸು ತಾನು ಕೊಡುತ್ತೇನೆ ಎಂದ. ನಾನು ಎದೆ ಸೆಟೆದು, "ನಾನು ಸರ್ಕಾರಿ ಶಾಲೆಯಲ್ಲಿ ಓದಿ ಬಂದವನು ಸರ್, ನನ್ನ ಮಗಳಿಗೂ ಅದೇ ಸಾಕು" ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಅವನು ನಿನ್ನಿಷ್ಟ ಎಂದ. ಆ ವಾಕ್ಯದ ವ್ಯಾಕರಣ ಸರಿಯಾಗಿತ್ತು ಎಂದು ಮನೆಗೆ ಬರುವ ದಾರಿಯುದ್ದಕ್ಕೂ ಖುಷಿಪಟ್ಟಿದ್ದೆ.

ಆದರೂ ವಿಚಾರಿಸದೆ ಹೋಗುವವನಲ್ಲ ನಾನು. ಆ ತೋಟದ ಹೆಡ್ ಕ್ಲಾರ್ಕನಿಗೆ ಕಾಗದ ಬರೆದೆ. ಸರ್ಕಾರಿ ಶಾಲೆಗೆ ಪಕ್ಕಾ ಕಟ್ಟಡವಿದೆಯೇ, ಮಾಸ್ತರರು ಟ್ರೇನಿಂಗ್ ಆದವರೇ, ಇನ್‌ಸ್ಪೆಕ್ಟರು ವರ್ಷವರ್ಷ ಬರುತ್ತಾರೆಯೇ? ಎಲ್ಲಕ್ಕೂ ಹೌದು ಎಂದು ಉತ್ತರ ಬಂತು. ಅದನ್ನು ಹೆಂಡತಿಗೆ ಓದಿ ಹೇಳಿದೆ. ಅವಳಿಗೆ ಓದು ಬರುತ್ತಿರಲಿಲ್ಲ. ಹುರುಳಿ ಕೇರುತ್ತಾ ಕೂತಿದ್ದವಳು ಮೊರ ಕೆಳಗಿಟ್ಟಳು.

"ಕಾಗ್ದ ಬರ್ದಿರೋರ ಮಕ್ಳು ಯಾವ್ ಸ್ಕೂಲಿಗೆ ಹೋಗ್ತವಂತೆ?"

"ಅದನ್ನ ಕೇಳಿಲ್ಲ."

"ಅದೊಂದು ಕೇಳ್ಬೇಕಿತ್ತು. ಕಟ್ಟಡ ತಗೊಂಡು ಏನ್ ಮಾಡ್ತೀರಿ?"

"ನಿಂಗೆ ಗೊತ್ತಾಗಲ್ಲ, ಸುಮ್ನಿರು."

"ಬಿ.ಎ.ನಲ್ಲಿ ಈ ಪ್ರಶ್ನೆ ಇರ್ಲಿಲ್ಲ ಅಂತ ಕಾಣುತ್ತೆ" ಎಂದು ಮತ್ತೆ ಮೊರ ಎತ್ತಿಕೊಂಡಳು. ನಾನು ನಕ್ಕೆ. ಇನ್ನೊಂದು ಕಾಗದ ಬರೆಯಲಿಲ್ಲ.

ಧನುಷ್ಕೋಡಿಯಿಂದ ಹಡಗು ಹತ್ತಿ ಸಿಲೋನಿಗೆ ಹೋದೆವು. ಹೋದ ವಾರದಲ್ಲೇ ಗೊತ್ತಾಯಿತು. ಆ ಸರ್ಕಾರಿ ಶಾಲೆಯಲ್ಲಿ ಮೊದಲಿನಿಂದ ಕೊನೆಯವರೆಗೆ ತಮಿಳೇ. ನಮ್ಮಲ್ಲಿಯ ಹಾಗೆ ನಾಲ್ಕು ಕ್ಲಾಸು ಕಳೆದ ಮೇಲೆ ಇಂಗ್ಲಿಷ್ ಬರುತ್ತದೆ ಎಂದುಕೊಂಡಿದ್ದೆ, ಬರುವುದಿಲ್ಲ. ಆ ದೇಶದಲ್ಲಿ ಆಫೀಸಿನ ಬಾಗಿಲು, ಕಾಲೇಜಿನ ಬಾಗಿಲು, ಎರಡೂ ಫೀಸು ಕೊಟ್ಟು ಇಂಗ್ಲಿಷ್ ಕಲಿತವರಿಗೆ ಮಾತ್ರ ತೆರೆಯುತ್ತಿದ್ದವು. ಹೆಡ್ ಕ್ಲಾರ್ಕನ ಮನೆ ನಮ್ಮ ಮನೆಗೆ ಎರಡು ಬಾಗಿಲು ಆಚೆ. ಅವನ ಇಬ್ಬರು ಮಕ್ಕಳೂ ಬೆಳಿಗ್ಗೆ ಬೂಟು ಹಾಕಿಕೊಂಡು ಮಿಷನ್ ಶಾಲೆಗೆ ಇಳಿದು ಹೋಗುತ್ತಿದ್ದರು. ಇದನ್ನು ಯಾಕೆ ಬರೆಯಲಿಲ್ಲ ಎಂದು ಕೇಳಿದೆ. ನೀವು ಕೇಳಲಿಲ್ಲವಲ್ಲ ಎಂದ.

ಮಿಷನ್ ಶಾಲೆಯಲ್ಲಿ ತಿಂಗಳ ಕೊನೆಯವರೆಗೆ ಜಾಗವಿತ್ತು. "ಇನ್ನೂ ಟೈಮೈತೆ, ದೊರೆ ಹತ್ರ ಒಂದ್ಮಾತು ಹೇಳಿ" ಎಂದು ಹೆಂಡತಿ ಮೂರು ದಿನ ಹೇಳಿದಳು. ಬೇಡ ಎಂದು ಇಂಗ್ಲಿಷಿನಲ್ಲಿ ಭಾಷಣ ಮಾಡಿದ್ದ ಬಾಯಲ್ಲೇ ಮತ್ತೆ ಬೇಕು ಎನ್ನುವುದು ಹೇಗೆ? ದೊರೆಯ ಬಂಗಲೆಯ ಮೆಟ್ಟಿಲಿನವರೆಗೆ ಒಂದು ಸಲ ಹೋಗಿದ್ದೆ. ಅಲ್ಲಿಂದ ತಿರುಗಿ ಬಂದೆ. ಇದನ್ನು ಹೆಂಡತಿಗೂ ಹೇಳಿಲ್ಲ.

"ಇಂಗ್ಲಿಷ್, ಕನ್ನಡ ಎರಡನ್ನೂ ಮನೆಯಲ್ಲಿ ನಾನೇ ಹೇಳಿಕೊಡುತ್ತೇನೆ" ಎಂದೆ. ಮಗಳು ಅದೇ ದಿನ ಸ್ಲೇಟು ಒರೆಸಿಕೊಂಡು ಬಂದು ಕೂತಳು.

ಟೀ ತೋಟದಲ್ಲಿ ಬೆಳಕು ಹರಿಯುವ ಮೊದಲೇ ಆಳುಗಳ ಹಾಜರಿ, ಸಂಜೆ ಎಲೆ ತೂಕ, ಅದಾದ ಮೇಲೆ ಲೆಕ್ಕದ ಪುಸ್ತಕ ಬರೆಯುವುದು. ಭಾನುವಾರ ಒಂದು ದಿನ ಉಳಿಯುತ್ತಿತ್ತು. ಆ ಭಾನುವಾರಗಳಲ್ಲಿ ಇಂಗ್ಲಿಷ್ ರೀಡರಿನ ಮೂರನೇ ಪಾಠದವರೆಗೆ ಹೋದೆವು. ಕನ್ನಡ ಒತ್ತಕ್ಷರಕ್ಕೆ ನಿಂತಿತು. ಎರಡನೇ ವರ್ಷ ಅವಳು, "ಅಪ್ಪ, ಇವತ್ತು?" ಎಂದು ಕೇಳುತ್ತಿದ್ದಳು. ಮುಂದಿನ ವಾರ ಎನ್ನುತ್ತಿದ್ದೆ. ಮೂರನೇ ವರ್ಷ ಅವಳು ಕೇಳಲಿಲ್ಲ. ನನಗೆ ಅದು ಗಮನಕ್ಕೂ ಬರಲಿಲ್ಲ. ತಮಿಳು ಶಾಲೆಯಲ್ಲಿ ಪ್ರತಿ ವರ್ಷ ಅವಳೇ ಮೊದಲು. ಅವಳ ಅಂಕಪಟ್ಟಿಗಳನ್ನು ಬಂದವರಿಗೆಲ್ಲ ತೋರಿಸುತ್ತಿದ್ದೆ.

ಆರು ವರ್ಷಕ್ಕೆ ದೊರೆ ತನ್ನ ದೇಶಕ್ಕೆ ಹೊರಟ. ಹೊಸ ದೊರೆ ತನ್ನ ಜನರನ್ನು ತಂದ. ನಾವು ಕೊಡಗಿಗೆ ಮರಳಿದೆವು. ಮಗಳಿಗೆ ಹದಿಮೂರು. ಟೀಚರ್ ಆಗಬೇಕು ಎಂಬುದೊಂದೇ ಅವಳ ಮಾತು. ಮಡಿಕೇರಿ ಹೈಸ್ಕೂಲಿಗೆ ಆಗ ಹುಡುಗಿಯರೂ ಹೋಗುತ್ತಿದ್ದರು. ಮೂವರೂ ಮೋಟಾರು ಬಸ್ಸು ಹತ್ತಿದೆವು. ಹೆಂಡತಿ ಹೊರಗಡೆ ಮರದ ಕೆಳಗೆ ನಿಂತಳು, ನಾನು ಮಗಳನ್ನು ಒಳಗೆ ಕರೆದುಕೊಂಡು ಹೋದೆ.

ಈಗಿನ ಹೆಡ್‌ಮಾಸ್ತರರು ಓದುವಾಗ ನನಗಿಂತ ಎರಡು ಕ್ಲಾಸು ಮುಂದಿದ್ದವರು. ಪ್ರೀತಿಯಿಂದಲೇ ಕೂರಿಸಿದರು. ಮಗಳಿಗೆ ಇಂಗ್ಲಿಷಿನಲ್ಲಿ ಒಂದು ಲೆಕ್ಕ ಹೇಳಿದರು. ಅವಳು ನನ್ನ ಮುಖ ನೋಡಿದಳು. ಅದನ್ನೇ ಕನ್ನಡದಲ್ಲಿ ಹೇಳಿದರು. ಇಷ್ಟು ಆಳು ಇಷ್ಟು ದಿನದಲ್ಲಿ ಗೋಡೆ ಕಟ್ಟಿದರೆ ಎಂಬ ಲೆಕ್ಕ. ಅವರು ಮುಗಿಸುವ ಮೊದಲೇ ಉತ್ತರ ಕೊಟ್ಟಳು. ಅವರ ಮುಖ ಅರಳಿತು. ಕನ್ನಡ ಪುಸ್ತಕ ಮುಂದಿಟ್ಟರು. ಅವಳು ಮೊದಲನೇ ಸಾಲಿನ ಮೇಲೆ ಬೆರಳಿಟ್ಟು, ಒಂದೊಂದೇ ಅಕ್ಷರ ಹಿಡಿದು, ಒತ್ತು ಬಂದಲ್ಲಿ ನಿಂತಳು. ಬೆರಳು ಅಲ್ಲೇ ಇತ್ತು.

"ಹುಡುಗಿ ಬಹಳ ಚುರುಕಿದ್ದಾಳೆ" ಎಂದರು. "ಆದ್ರೆ ಎಲ್ಲಿ ಕೂರಿಸ್ಲಿ ಹೇಳಿ? ಹೈಸ್ಕೂಲಿಗೆ ಆಗೋದಿಲ್ಲ. ಪ್ರೈಮರೀಲಿ ಎರಡನೇ ಕ್ಲಾಸಿನ ಮಕ್ಕಳ ಜೊತೆ ಶುರು ಮಾಡ್ಬೇಕು." ಆಮೇಲೆ, ನಿಜವಾಗಿ ತಿಳಿಯದೆ, ಕೇಳಿದರು: "ನೀವು ಬಿ.ಎ. ಅಲ್ವಾ? ಮನೇಲಿ ಹೇಳ್ಕೊಡ್ಲಿಲ್ವಾ?"

ಹೊರಗೆ ಬಂದಾಗ ಹೆಂಡತಿ ನಮ್ಮ ಮುಖ ನೋಡಿಯೇ ತಿಳಿದುಕೊಂಡಳು. "ಗಂಡು ಹುಡ್ಗ ಆಗಿದ್ರೆ ಅವತ್ತೇ ದೊರೆ ಕಾಲಿಗೆ ಬಿದ್ದಿರ್ತಿದ್ರಿ" ಎಂದಳು. ಅಲ್ಲ ಎಂದು ಹೇಳಲು ನನಗೆ ಇಂದಿಗೂ ಆಗಿಲ್ಲ.

"ಒಂದು ವರ್ಷ ಮನೇಲೇ ಓದ್ಲಿ. ಈಗ ನಂಗೆ ಕೆಲ್ಸಾನೂ ಇಲ್ಲ, ದಿನಾ ಹೇಳ್ಕೊಡ್ತೀನಿ" ಎಂದೆ. ಈ ಸಲ ಮನಸ್ಸಿಟ್ಟೇ ಹೇಳಿದ್ದೆ.

ಮಗಳು ನೆಲ ನೋಡುತ್ತಿದ್ದಳು. "ಬೇಡಪ್ಪ" ಎಂದಳು. "ಅಲ್ಲೂ ಹಿಂಗೇ ಹೇಳಿದ್ರಿ." ಸಿಟ್ಟಿನಿಂದ ಹೇಳಿದ್ದರೆ ಉತ್ತರ ಕೊಡಬಹುದಿತ್ತು. ಮೋಟಾರಿಗೆ ಹೊತ್ತಾಯಿತು ಎನ್ನುವ ದನಿಯಲ್ಲಿ ಹೇಳಿದಳು.

ಊರಿಗೆ ಹೋದ ಮೇಲೆ ಒಂದಷ್ಟು ದಿನ ನಾನು ಪುಸ್ತಕ ಬಿಚ್ಚಿಕೊಂಡು ಜಗಲಿಯಲ್ಲಿ ಕೂರುತ್ತಿದ್ದೆ. ಅವಳು ನನ್ನ ಪಕ್ಕದಲ್ಲೇ ಹಾದು ಕೊಟ್ಟಿಗೆಗೆ ಹೋಗುತ್ತಿದ್ದಳು. ಹದಿನೇಳಕ್ಕೆ ಶನಿವಾರಸಂತೆಯ ಕಡೆಯಿಂದ ಹುಡುಗನ ಮನೆಯವರು ನೋಡಲು ಬಂದರು. ಹುಡುಗನ ತಂದೆ ನನ್ನ ಓದಿನ ವಿಷಯ ಕೇಳಿಬಂದವರು. "ತಾವು ಬಿ.ಎ. ಅಂತ ಗೊತ್ತು. ಮಗಳು ಎಷ್ಟು ಓದಿದ್ದಾಳೆ?" ಎಂದರು. ಸಿಲೋನಿನ ಶಾಲೆ, ಪ್ರತಿ ವರ್ಷ ಮೊದಲು, ಲೆಕ್ಕದಲ್ಲಿ ಅವಳನ್ನು ಮೀರಿಸುವವರಿರಲಿಲ್ಲ ಎಂದು ನಾನು ಶುರು ಮಾಡಿದ್ದೆ. ಮಗಳು ಕಾಫಿ ತಂದು ಅವರ ಮುಂದಿಟ್ಟು ಅಲ್ಲೇ ನಿಂತಿದ್ದಳು.

"ಓದಿಲ್ಲ" ಎಂದಳು. ಲೋಟದ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.