ನಾಲ್ಕು ಮೇಜಿನ ಕಡೆಸಾರು

ಆಬ್ವಾನಳಿಗೆ ಆರು ವರ್ಷವಾದಾಗಿನಿಂದ ಅವಳ ನಾಲಿಗೆ ಅವಳದಾಗಿರಲಿಲ್ಲ, ಅಪ್ಪನದಾಗಿತ್ತು.

ಅಪ್ಪ ಹೋಕ್ ಮೇಸ್ತ್ರಿ, ತೈವಾನಿನ ಕಾವ್‌ಸ್ಯುಂಗ್ ಪಟ್ಟಣದ ಮೇಲಣ ಗುಡ್ಡದ ಊರುಗಳಲ್ಲಿ ಬೀದಿಯಲ್ಲೇ ಒಲೆ ಹೂಡಿ ಹಬ್ಬದೂಟ ಮಾಡುವವನು. ಮದುವೆ, ಮಗುವಿಗೆ ತಿಂಗಳು ತುಂಬಿದ ಊಟ, ದೇವರ ಹುಟ್ಟುಹಬ್ಬ, ಏನಿದ್ದರೂ ಜನ ಮೊದಲು ಅವನ ಬಾಗಿಲಿಗೆ ಬರುತ್ತಿದ್ದರು. ರಸ್ತೆಗೆ ಅಡ್ಡಲಾಗಿ ಕೆಂಪು ಪಟ್ಟೆಯ ಡೇರೆ ಎಳೆದು, ಮೇಜಿಗೆ ಹತ್ತು ಜನರಂತೆ ಕೂರಿಸಿ, ಹನ್ನೆರಡು ಬಗೆ ಬಡಿಸುವುದು ಅವನ ಕಸುಬು. ಅಮ್ಮ ಪಾತ್ರೆ ತೊಳೆಯುವ ಹೆಂಗಸರ ಮುಂದಾಳು. ಅಣ್ಣ ಖಿಂಗ್‌ಹುಯಿ ಗ್ಯಾಸ್ ಸಿಲಿಂಡರುಗಳನ್ನು ಉರುಳಿಸಿಕೊಂಡು ಬರುವವನು. ಆಬ್ವಾನ್ ಒಲೆಯ ಪಕ್ಕ ಮಣೆಯ ಮೇಲೆ ನಿಂತು ರುಚಿ ನೋಡುವವಳು.

ಅಪ್ಪನ ಬಾಯಲ್ಲಿ ಯಾವಾಗಲೂ ಸುಣ್ಣ ಸವರಿದ ಹಸಿ ಅಡಿಕೆ. "ಇದನ್ನ ತಿಂದೂ ತಿಂದೂ ನನ್ನ ನಾಲಿಗೆ ಚಪ್ಪಲಿ ಚರ್ಮ ಆಗಿಬಿಟ್ಟಿದೆ ಕಣೇ. ನೀನೇ ನೋಡಿ ಹೇಳು," ಎಂದು ಮೊದಲ ದಿನ ಅವನು ಹೇಳಿದ್ದ. ಆಮೇಲೆ ಹೇಳಲೂ ಇಲ್ಲ. ಒಲೆಯ ಬುಸುಗುಟ್ಟುವಿಕೆಯಲ್ಲಿ ಮಾತು ಕೇಳುತ್ತಿರಲಿಲ್ಲ, ಬಾಯಿ ತುಂಬ ಕೆಂಪು ರಸ ಬೇರೆ. ಸೌಟು ಅವಳ ತುಟಿಗೆ ಹಿಡಿದು, ಹೆಬ್ಬೆರಳಿಗೆ ತೋರುಬೆರಳು ಉಜ್ಜಿ ತೋರಿಸುತ್ತಿದ್ದ. ಉಪ್ಪು ಹೇಗಿದೆ ಎಂದು ಅದರರ್ಥ.

"ಒಂದು ಚಿಟಿಕೆ ಬೇಕು."

ಅವನು ಒಂದು ಚಿಟಿಕೆ ಹಾಕುತ್ತಿದ್ದ. ಬೇಡ ಎಂದರೆ ಇಲ್ಲ. ಐವತ್ತು ಮೇಜಿನ ಊಟ ಆ ಪುಟ್ಟ ಹುಡುಗಿಯ ಮಾತಿನ ಮೇಲೆ ನಿಲ್ಲುತ್ತಿತ್ತು. ಒಮ್ಮೆಯೂ ಅವನು ನೀನು ಹೇಳಿದ್ದು ತಪ್ಪು ಎನ್ನಲಿಲ್ಲ, ಸರಿ ಎನ್ನಲೂ ಇಲ್ಲ. ಹದಿನಾರು ತುಂಬುವ ಹೊತ್ತಿಗೆ ಎಣ್ಣೆಯ ಸದ್ದು ಕೇಳಿಯೇ ಮೀನು ಬಿಡುವ ಹೊತ್ತು ಅವಳಿಗೆ ತಿಳಿಯುತ್ತಿತ್ತು.

ಅವಳಿಗೆ ಇಪ್ಪತ್ತಮೂರಾದಾಗ ಅಪ್ಪನ ಸೊಂಟ ಹಿಡಿಯಿತು. ಒಲೆದೇವರ ಪೂಜೆಯ ದಿನ ಎಲ್ಲರನ್ನೂ ಕರೆದು, ದೊಡ್ಡ ಸೌಟನ್ನು ಖಿಂಗ್‌ಹುಯಿಯ ಕೈಗಿಟ್ಟ. "ಹೆಣ್ಣುಮಗಳು ನಾಳೆ ಇನ್ನೊಬ್ಬರ ಮನೆಗೆ ಹೋಗೋಳು. ಸೌಟೂ ಅವಳ ಜೊತೆ ಹೋಗಿಬಿಟ್ಟರೆ?" ಎಂದ. ಆಬ್ವಾನ್ ತಲೆ ತಗ್ಗಿಸಿ ಬಟ್ಟಲು ತೊಳೆಯುತ್ತಿದ್ದಳು.

ಪಕ್ಕದಲ್ಲಿ ಕೂತಿದ್ದ ಚುನ್ ಚಿಕ್ಕಮ್ಮ, ಹೋಕ್ ಮೇಸ್ತ್ರಿಯ ಗುಂಪಿನಲ್ಲಿ ಸೊಪ್ಪು ಹೆಚ್ಚಿಯೇ ಮುದುಕಿಯಾದವಳು, ಎಲ್ಲರಿಗೂ ಕೇಳುವಂತೆ ಗೊಣಗಿದಳು: "ನಾಲಿಗೆ ಇಲ್ಲಿ, ಸೌಟು ಅಲ್ಲಿ. ಒಳ್ಳೇ ಪಾಲು ಮಾಡ್ದ ನಮ್ಮ ಮೇಸ್ತ್ರಿ."

ಆಬ್ವಾನ್ ಲಾರಿ ಓಡಿಸುವವನೊಬ್ಬನನ್ನು ಮದುವೆಯಾದಳು. ತೈವಾನಿನ ಉದ್ದಕ್ಕೂ ಹಗಲಿರುಳು ಲಾರಿ ಓಡಿಸುತ್ತಿದ್ದ ಅವನು ಮೂರನೆಯ ವರ್ಷ ರಸ್ತೆ ಅಪಘಾತದಲ್ಲಿ ತೀರಿಹೋದ. ತವರಿಗೆ ಮರಳಿ ಕೂರಲು ಅವಳಿಗೆ ಮನಸ್ಸಾಗಲಿಲ್ಲ. ಬಲ್ಲ ಕೆಲಸವೋ ಒಂದೇ. ಗಂಡನ ಪರಿಹಾರದ ಹಣದಲ್ಲಿ ಹಳೆಯ ಸಣ್ಣ ಟ್ರಕ್ಕು, ಎರಡು ಒಲೆ, ಪಾತ್ರೆ ಕೊಂಡಳು. ಟ್ರಕ್ಕಿನ ಬಾಗಿಲ ಮೇಲೆ ತನ್ನ ಹೆಸರು ಬರೆಸಿದಳು. ಚುನ್ ಚಿಕ್ಕಮ್ಮ ಕರೆಯದೆಯೇ ಬಂದು ಸೇರಿಕೊಂಡಳು.

ಗಂಡ ಸತ್ತವಳನ್ನು ಮದುವೆಯ ಅಡುಗೆಗೆ ಕರೆಯುವವರು ಯಾರು? ಅವಳಿಗೆ ಬಂದದ್ದು ಸಾವಿನ ಮನೆಯ ಊಟಗಳು. ಏಳೇ ಬಗೆ, ಕೂಡಿ ಬಾಳುವುದರ ಗುರುತಾದ ದುಂಡಗಿನದು ಯಾವುದೂ ಮೇಜಿಗೆ ಬರುವಂತಿಲ್ಲ. ಉಂಡವರು ಹೋಗಿಬರುತ್ತೇನೆ ಎನ್ನದೆ ಎದ್ದು ಹೋಗಬೇಕು. ಮಿಕ್ಕಿದ್ದನ್ನು ಯಾರೂ ಮನೆಗೆ ಒಯ್ಯುವಂತಿಲ್ಲ. ಅಂಥ ಊಟ ರುಚಿಯಾಗಿತ್ತು ಎಂದು ಬಾಯಿಬಿಟ್ಟು ಹೇಳುವುದೂ ತಪ್ಪು. ಹನ್ನೊಂದು ವರ್ಷ ಆಬ್ವಾನ್ ಚೆನ್ನಾಗಿದೆ ಎಂಬ ಮಾತು ಕೇಳದೆ ಅಡುಗೆ ಮಾಡಿದಳು.

ಅಪ್ಪ ಅವಳ ಕೈಯಡುಗೆ ಮುಟ್ಟುವುದನ್ನೇ ಬಿಟ್ಟ. "ನಮ್ಮ ಮನೆ ಬಾಣಲೆ ಇವತ್ತಿನವರೆಗೂ ಸಾವಿನ ಮನೆಗೆ ಹೋಗಿಲ್ಲ," ಎಂದಷ್ಟೇ ಹೇಳಿದ. ಪ್ರತಿ ಹೊಸ ವರ್ಷಕ್ಕೂ ಅವಳು ಮೂಲಂಗಿ ಕಡುಬು ಬೇಯಿಸಿ ತಂದುಕೊಡುತ್ತಿದ್ದಳು. ಕಪಾಟಿನ ಮೇಲೆ ಅದು ಕತ್ತರಿಸದೆ ಕೂತಿರುತ್ತಿತ್ತು.

ಅಷ್ಟರಲ್ಲಿ ಅಮ್ಮ ತೀರಿಕೊಂಡಳು. ಖಿಂಗ್‌ಹುಯಿಯ ಅಡುಗೆಯನ್ನು ಜನ ಒಂದೆರಡು ವರ್ಷ ಅಪ್ಪನ ಮುಖ ನೋಡಿ ಉಂಡರು, ಆಮೇಲೆ ಬೇರೆಯವರನ್ನು ಕರೆದರು. ಅವನು ಡೇರೆ ಮಾರಿ ಬಂದರಿನಲ್ಲಿ ಕೆಲಸಕ್ಕೆ ಸೇರಿದ. ಮನೆಯಲ್ಲಿ ಉಳಿದದ್ದು ಅಪ್ಪ ಮತ್ತು ಗೋಡೆಗೆ ಒರಗಿಸಿದ ದೊಡ್ಡ ಬಾಣಲೆ.

ಅಪ್ಪನ ಬಾಯಿ ಎರಡು ಬೆರಳಿನಷ್ಟೇ ತೆರೆಯುತ್ತದೆಂದು ಗೊತ್ತಾದಾಗ ತಡವಾಗಿತ್ತು. ಅಡಿಕೆಯ ಹುಣ್ಣು ನಾಲಿಗೆಯ ಬುಡಕ್ಕೆ ಇಳಿದಿತ್ತು. ಸೋಮವಾರ ಶಸ್ತ್ರಚಿಕಿತ್ಸೆ, ನಾಲಿಗೆ ತೆಗೆಯಬೇಕು ಎಂದರು ಡಾಕ್ಟರು.

ಆಬ್ವಾನ್ ದಿನ ಎಣಿಸಿದಳು. ಆರು ದಿನವಿತ್ತು. ಅಷ್ಟರೊಳಗೆ ಅಪ್ಪ ತನ್ನ ಕೈಯಡುಗೆ ಉಣ್ಣಬೇಕು, ಉಂಡು ಏನಾದರೂ ಒಂದು ಮಾತು ಹೇಳಬೇಕು. ಅವಳಿಗೆ ಬೇರೇನೂ ಬೇಕಿರಲಿಲ್ಲ.

"ಏನು ತಿಂತೀಯಪ್ಪಾ? ಏನು ಬೇಕಾದ್ರೂ ಕೇಳು," ಎಂದಳು.

ಅವನು ಹಲ್ಲಿನ ಸಂದಿಯಿಂದ, "ಕಡೆಸಾರು," ಎಂದ.

ಹಬ್ಬದೂಟ ಮುಗಿದ ಮೇಲೆ ಮೇಜುಗಳಲ್ಲಿ ಮಿಕ್ಕ ಹಂದಿಮಾಂಸ, ಕಳಲೆ, ಮೀನಿನ ತುಂಡು, ಹುಳಿ ಸೊಪ್ಪು ಎಲ್ಲವನ್ನೂ ಒಂದೇ ಬಾಣಲೆಗೆ ಸುರಿದು ಕಾಯಿಸುವ ಸಾರು ಅದು. ಮೇಜು, ಸ್ಟೂಲು ಎರವಲು ಕೊಟ್ಟ ನೆರೆಮನೆಗಳಿಗೆಲ್ಲ ಬಕೆಟ್ಟಿನಲ್ಲಿ ಹಂಚುವುದು ವಾಡಿಕೆ. ಮೆತ್ತಗಿರುವುದರಿಂದ ಅವನ ಗಂಟಲಲ್ಲಿ ಇಳಿಯುವಂಥದ್ದೂ ಅದೊಂದೇ.

"ಅದನ್ನ ಮನೇಲಿ ಮಾಡೋಕಾಗಲ್ಲಪ್ಪ. ನಲವತ್ತು ಜನ ಉಂಡೆದ್ದ ಮೇಲೆ ಆಗೋದು."

"ನಲವತ್ತು ಜನಕ್ಕೆ ಹಾಕು." ಗೋಡೆಯ ಕಡೆ ಕೈ ತೋರಿಸಿದ. "ನನ್ನ ಬಾಣಲೆ ತಗೋ. ನಿನ್ನದು ಬೇಡ."

ಭಾನುವಾರ ಮಧ್ಯಾಹ್ನ ಮನೆಯ ಮುಂದೆ ನಾಲ್ಕು ಮೇಜು ಬಿದ್ದವು. ಅಡಿಯಲ್ಲಿ ಮನೆತನದ ಹೆಸರು ಬರೆದ ಸ್ಟೂಲುಗಳು ಬೀದಿಯ ಎಲ್ಲ ಮನೆಗಳಿಂದ ಬಂದವು. ಬಹಳ ವರ್ಷಗಳ ಮೇಲೆ ಆಬ್ವಾನ್ ಹನ್ನೆರಡು ಬಗೆ ಮಾಡಿದಳು. ಏಡಿ ಕೂರಿಸಿದ ಅಂಟಕ್ಕಿ ಅನ್ನ, ಬೆಣ್ಣೆಯಂತೆ ಬೆಂದ ಹಂದಿಕಾಲು, ಹಬೆಯ ಮೀನು, ಸಿಹಿ ಕೆಸುಗಡ್ಡೆ, ದುಂಡಗಿನ ಮಾಂಸದುಂಡೆ ಕೂಡ. ಅಪ್ಪ ಒಲೆಯ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ, ತೊಡೆಯ ಮೇಲೆ ಖಾಲಿ ಬಟ್ಟಲು. ಮೇಜಿಗೆ ಬಾ ಎಂದರೂ ಹೋಗಲಿಲ್ಲ. ಅವನಿಗೆ ಬೇಕಾದದ್ದು ಕೊನೆಗೆ ಬರುವಂಥದ್ದು.

ಹಬ್ಬದೂಟದಲ್ಲಿ ಪ್ರತಿ ತಟ್ಟೆಯಲ್ಲೂ ಒಂದಿಷ್ಟು ಬಿಡುವುದು ಆ ಕಡೆಯ ಮರ್ಯಾದೆ. ಬರಿದು ಮಾಡಿದರೆ ಬಡಿಸಿದವನು ಕಡಿಮೆ ಮಾಡಿದ ಎಂದಾಗುತ್ತದೆ. ಆಬ್ವಾನ್ ಅದನ್ನೇ ನಂಬಿ ಮೇಜಿಗೆ ಹದಿನಾಲ್ಕು ಜನಕ್ಕಾಗುವಷ್ಟು ಬಡಿಸಿದ್ದಳು.

ಊಟ ಮುಗಿದು ಅವಳು ಬಕೆಟ್ಟು ಹಿಡಿದು ಮೊದಲ ಮೇಜಿಗೆ ಬಂದಳು. ತಟ್ಟೆಗಳು ಹೊಳೆಯುತ್ತಿದ್ದವು. ಎರಡನೆಯದಕ್ಕೆ ಹೋದಳು. ಮೀನಿನ ಮುಳ್ಳು ಬಾಚಣಿಗೆಯ ಹಾಗೆ ಮಲಗಿತ್ತು. ಮೂರು, ನಾಲ್ಕರಲ್ಲೂ ಹಾಗೇ. ಹಂದಿಕಾಲಿನ ರಸವನ್ನೂ ಅನ್ನದಲ್ಲಿ ಒರೆಸಿ ತಿಂದಿದ್ದರು.

ಎದುರುಮನೆಯ ಮುದುಕ ಬುನ್ ತಾತ ಹೊಟ್ಟೆ ಸವರಿಕೊಂಡು, ಉಸಿರು ಬಿಡಲೂ ಕಷ್ಟಪಡುತ್ತ ಹೇಳಿದ: "ನೋಡಮ್ಮ, ಒಂದು ಸೊಪ್ಪಿನೆಲೇನೂ ಬಿಟ್ಟಿಲ್ಲ ನಾವು. ನನ್ನ ಹೆಂಡತಿ ಹೋದಾಗ ನೀನೇ ಅಡುಗೆ ಮಾಡಿದ್ದೆ. ಎಷ್ಟು ಚೆನ್ನಾಗಿತ್ತು ಅಂತ ಆವತ್ತು ಹೇಳೋ ಹಾಗಿರಲಿಲ್ಲ. ಇವತ್ತು ತಟ್ಟೇನೇ ಹೇಳಲಿ ಅಂತ ಎಲ್ಲರೂ ಮಾತಾಡಿಕೊಂಡ್ವಿ."

ಪಕ್ಕದವರೆಲ್ಲ ತಲೆಯಾಡಿಸಿದರು. ಒಬ್ಬಳ ಕಣ್ಣಲ್ಲಿ ನೀರಿತ್ತು. ಹನ್ನೊಂದು ವರ್ಷ ತಡೆದಿದ್ದ ಮಾತು ಒಂದೇ ಸಲಕ್ಕೆ ಬಂದಿತ್ತು. ಆಬ್ವಾನ್ ಖಾಲಿ ಬಕೆಟ್ಟನ್ನು ಬೆನ್ನ ಹಿಂದೆ ಹಿಡಿದುಕೊಂಡು, "ಸಂತೋಷ ಆಯ್ತು ತಾತ," ಎಂದಳು.

ಒಲೆಯ ಹತ್ತಿರ ಚುನ್ ಚಿಕ್ಕಮ್ಮ ತಲೆಯ ಮೇಲೆ ಕೈಹೊತ್ತು ಕೂತಿದ್ದಳು. "ಈ ಊರಿನವರಿಗೆ ಮರ್ಯಾದೆ ಬಿಡೋಕೆ ಇವತ್ತೇ ಬೇಕಿತ್ತೇನೇ? ನಾಯಿಗೂ ಮೂಳೆ ಬಿಟ್ಟಿಲ್ಲ ಪಾಪಿಗಳು."

ಅಪ್ಪ ಎಲ್ಲವನ್ನೂ ನೋಡುತ್ತಿದ್ದ. ರಾಶಿ ಹಾಕಿದ ತಟ್ಟೆಗಳನ್ನು ಒಂದೊಂದಾಗಿ ಎತ್ತಿ, ತಿರುಗಿಸಿ, ಕೆಳಗಿಟ್ಟ.

ಆಬ್ವಾನ್ ಅಡುಗೆಪಾತ್ರೆಗಳ ತಳ ಕೆರೆದಳು. ಒಂದಿಷ್ಟು ಕಳಲೆ, ಕೋಸು, ಮೂಳೆಯ ನೀರು, ಮಾಂಸದ ಚೂರು ಸಿಕ್ಕಿತು. ಅದನ್ನು ಅಪ್ಪನ ಬಾಣಲೆಗೆ ಸುರಿದು ಕುದಿಸಿದಳು. ಮೇಜಿಗೆ ಹೋಗಿ ಮರಳಿ ಬಾರದ್ದು ಕಡೆಸಾರಲ್ಲ ಎಂದು ಅವಳಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಬಟ್ಟಲಿಗೆ ಹಾಕಿ ಕೊಟ್ಟಳು. ಅವನು ಸಣ್ಣ ಚಮಚವನ್ನು ಓರೆಯಾಗಿ ತುಟಿಯೊಳಗೆ ತೂರಿಸಿದ. ಕಣ್ಣು ಮುಚ್ಚಿದ. ನುಂಗಲು ತುಂಬ ಹೊತ್ತು ಹಿಡಿಯಿತು.

"ಹುಳಿ ಸಾಲದು," ಎಂದ.

ಆಬ್ವಾನ್ ಸೌಟಿನಲ್ಲಿ ತೆಗೆದು ತಾನು ರುಚಿ ನೋಡಿದಳು. ಹುಳಿ ಸಾಲದಾಗಿತ್ತು. ಕೂದಲೆಳೆಯಷ್ಟು. ಅವಳಿಗೂ ತಪ್ಪಿಹೋಗಿತ್ತು.

ಸೌಟು ಹಿಡಿದೇ ನಿಂತಳು. "ಅಪ್ಪಾ, ನಿನಗೆ ರುಚಿ ಗೊತ್ತಾಗುತ್ತಾ? ಆವಾಗಲೂ ಗೊತ್ತಾಗ್ತಿತ್ತಾ?"

ಅವನು ಬಟ್ಟಲಿನೊಳಗೇ ನೋಡುತ್ತಿದ್ದ. ಒಂದೊಂದೇ ಮಾತನ್ನು ನೋವಿನಿಂದ ಹೊರಗೆ ತಂದ. "ನಿಮ್ಮಣ್ಣನಿಗೆ ಒಂದು ದಿನಾನೂ ರುಚಿ ನೋಡು ಅಂದಿಲ್ಲ ನಾನು."

ಆಬ್ವಾನ್ ಹುಳಿ ಸೊಪ್ಪಿನ ಜಾಡಿಯಿಂದ ಹುಳಿನೀರು ಬಗ್ಗಿಸಿ ಬಾಣಲೆಗೆ ಹಾಕಿದಳು. ಅಪ್ಪ ಬಟ್ಟಲು ಮುಂದೆ ಚಾಚಿದ. ಎರಡನೆಯ ಬಟ್ಟಲು ಮುಗಿಸಲು ಅವನಿಗೆ ಒಂದು ಗಂಟೆ ಹಿಡಿಯಿತು. ಅಷ್ಟೂ ಹೊತ್ತು ಅವಳು ಎದುರಿನ ಸ್ಟೂಲಿನ ಮೇಲೆ ಕೂತಿದ್ದಳು.

ಗುರುವಾರ ಆಸ್ಪತ್ರೆಯಲ್ಲಿ ಅವನನ್ನು ನೋಡಲು ಬಿಟ್ಟರು. ಮುಖದ ಅರ್ಧ ಬಟ್ಟೆಯಲ್ಲಿ ಸುತ್ತಿತ್ತು. ನರ್ಸು ಮೂಗಿನ ನಳಿಗೆಗೆ ಬಿಳಿಯ ಗಂಜಿಯಂಥದ್ದೇನೋ ಸುರಿಯಲು ಸಿದ್ಧ ಮಾಡುತ್ತಿದ್ದಳು. ಅಪ್ಪನ ಕಣ್ಣು ಆ ಲೋಟದ ಮೇಲಿತ್ತು. ಅವನು ಹಾಸಿಗೆಯಿಂದ ಕೈ ಎತ್ತಿ, ಆಬ್ವಾನಳ ಕಡೆ ತಿರುಗಿ, ಹೆಬ್ಬೆರಳಿಗೆ ತೋರುಬೆರಳು ಉಜ್ಜಿದ.

ಅವಳು ನರ್ಸಿನ ಕೈಯಿಂದ ಲೋಟ ಕೇಳಿ ತೆಗೆದುಕೊಂಡು, ಒಂದು ಹನಿಯನ್ನು ಅಂಗೈಗೆ ಬಿಟ್ಟು, ನಾಲಿಗೆಗೆ ಹಚ್ಚಿಕೊಂಡಳು. ಅದಕ್ಕೆ ಯಾವ ರುಚಿಯೂ ಇರಲಿಲ್ಲ. ಒಲೆಯ ಪಕ್ಕದ ಮಣೆಯ ಮೇಲೆ ನಿಂತು ಅವಳು ಅವನಿಗೆ ಒಂದು ದಿನವೂ ಸುಳ್ಳು ಹೇಳಿರಲಿಲ್ಲ.

"ಒಂದು ಚಿಟಿಕೆ ಬೇಕಪ್ಪಾ," ಎಂದಳು.