ಬಾಣದ ಗುರುತಿನ ಕಲ್ಲು

ಮಿಲಿಟ್ರಿ ಮಾವನ ಎಡಗಿವಿಯಲ್ಲಿ ಯಾವಾಗಲೂ ಒಂದು ಹತ್ತಿಯ ಉಂಡೆ ಇರುತ್ತಿತ್ತು. ಫಿರಂಗಿ ಪಡೆಯಲ್ಲಿದ್ದಾಗ ಸಿಡಿತದ ಸದ್ದಿಗೆ ಆ ಕಿವಿ ಪೂರ್ತಿ ಹೋಗಿತ್ತು. ಕೇಳದ ಕಿವಿಗೆ ಹತ್ತಿ ಯಾಕೆ ಎಂದು ನಾವು ಹುಡುಗಿಯರು ನಕ್ಕರೆ, "ಗಾಳಿ ನುಗ್ಗುದ್ರೆ ಒಳ್ಗೆ ಇನ್ನೂ ಗುಂಡು ಹಾರ್ದಂಗಾಯ್ತದೆ ಕಣವ್ವ" ಎನ್ನುತ್ತಿದ್ದರು. ಬೇಡದ ಮಾತು ಬಂದರೆ ಆ ಕಿವಿಯನ್ನೇ ಮುಂದೆ ಮಾಡುವ ಜಾಣತನವೂ ಅವರಿಗಿತ್ತು. ಅತ್ತೆ ಬೈಯಲು ಶುರು ಮಾಡಿದರೆ ಮಾವ ತಲೆಯನ್ನು ಒಸಿ ಬಲಕ್ಕೆ ತಿರುಗಿಸಿ, ಪಾಲಿಶ್ ಹಾಕುತ್ತಿದ್ದ ಬೂಟಿನ ಕಡೆಗೆ ಬಗ್ಗಿಬಿಡುತ್ತಿದ್ದರು.

ಅವರು ನನಗೆ ರಕ್ತಸಂಬಂಧದ ಮಾವನಲ್ಲ. ಕಬ್ಬಾಳು ಬೆಟ್ಟ ಎದುರಿಗೇ ಕಾಣುವ ನಮ್ಮೂರಿನಲ್ಲಿ ಪಕ್ಕದ ಮನೆಯವರು. ನಿವೃತ್ತಿಯಾಗಿ ಬಂದಮೇಲೆ ರಾಗಿ ಹೊಲ, ಒಂದು ಜೊತೆ ಎತ್ತು, ಒಂದಿಷ್ಟು ಹಿಪ್ಪುನೇರಳೆ ನೋಡಿಕೊಂಡಿದ್ದರು. ಹೊಲಕ್ಕೆ ಹವಾಯಿ ಚಪ್ಪಲಿ ಮೆಟ್ಟಿಯೇ ಹೋಗುವುದು. ಆದರೆ ಭಾನುವಾರ ಬಂತೆಂದರೆ ಕಪ್ಪು ಬೂಟು ಜಗಲಿಯ ಮೇಲೆ ಬರುತ್ತಿತ್ತು. ಆ ಬೂಟನ್ನು ಹಾಕಿಕೊಂಡು ಅವರು ಹೋದದ್ದು ನಾನು ಕಂಡಂತೆ ಎರಡೇ ಕಡೆಗೆ, ಎರಡು ಸಲವೂ ನನ್ನ ಜೊತೆಗೆ.

ಮೊದಲನೆಯದು ಕನಕಪುರದ ಕಾಲೇಜಿಗೆ. ಹೆಣ್ಣುಮಕ್ಕಳಿಗೆ ಓದು ಸಾಕು ಎಂದು ನಮ್ಮಪ್ಪ ಹಟ ಹಿಡಿದಾಗ ಮಾವ ಎಡಗಿವಿ ತೋರಿಸಿ, ನನ್ನನ್ನು ಬಸ್ಸಿಗೆ ಹತ್ತಿಸಿಕೊಂಡು ಹೊರಟರು. ಸೇರುವ ತಾರೀಕು ಮುಗಿದುಹೋಗಿದೆ, ಆಗಲ್ಲ ಎಂದ ಆಫೀಸಿನವನು. ಮಾವ ಕೂಗಾಡಲಿಲ್ಲ. "ಆಗಕಿಲ್ಲ ಅನ್ನಾದ್ನ ಒಸಿ ಬರ್ದು ಕೊಡಿ ಸಾಮಿ, ತಕ್ಕೊಂಡೋಯ್ತೀನಿ" ಎಂದು ಕಿಟಕಿಯ ಮುಂದೆ ಅಟೆನ್ಷನ್ನಿನಲ್ಲಿ ನಿಂತರು. ಮಧ್ಯಾಹ್ನದ ಊಟಕ್ಕೆ ಎದ್ದುಹೋಗಿ ಬಂದರೂ ಅವರು ಹಾಗೆಯೇ ನಿಂತಿದ್ದುದನ್ನು ನೋಡಿ ಅವನು ನನ್ನ ಹೆಸರು ಬರೆದುಕೊಂಡ. ವಾಪಸು ಬರುವಾಗ ಮಾವ ಹೇಳಿದರು, "ಬಾಯಲ್ಲಿ ಇಲ್ಲ ಅನ್ನಾದು ಸಲೀಸು ಕಣವ್ವ. ಬರ್ದು ಕೊಡಿ ಅಂದ್ರೆ ಯಾರ್ ಕೈಯಾದ್ರೂ ಒಸಿ ನಡುಗ್ತದೆ." ಹಾರೋಹಳ್ಳಿಯ ಫ್ಯಾಕ್ಟರಿಯಲ್ಲಿ ಇವತ್ತು ನಾನು ಕುರ್ಚಿಯ ಮೇಲೆ ಕೂತು ಕೆಲಸ ಮಾಡುತ್ತಿದ್ದರೆ ಅದು ಆ ಒಂದು ಮಾತಿನಿಂದ.

ನಮ್ಮೂರಿನ ಮೂಡಲಿಗೆ ಒಂದು ಬೋಳು ಬಯಲಿದೆ. ಮಿಲಿಟ್ರಿ ಬಯಲು ಎಂದೇ ಅದರ ಹೆಸರು. ನಮ್ಮ ತಾತಂದಿರ ಕಾಲದಲ್ಲಿ ಗುಂಡು ಹಾರಿಸುವ ಅಭ್ಯಾಸಕ್ಕೆಂದು ತೆಗೆದುಕೊಂಡರಂತೆ. ಕೊಂಡುಕೊಂಡರೋ, ಗುತ್ತಿಗೆಗೆ ಪಡೆದರೋ, ಎಲ್ಲಿಂದ ಎಲ್ಲಿಯವರೆಗೆ ಪಡೆದರೋ, ಊರಿನಲ್ಲಿ ಯಾರಿಗೂ ಗೊತ್ತಿಲ್ಲ. ನನಗೆ ಬುದ್ಧಿ ಬಂದಮೇಲೆ ಅಲ್ಲಿ ಒಂದು ಗುಂಡಿನ ಸದ್ದೂ ಕೇಳಿಲ್ಲ. ಕುರಿ ಮೇಯುತ್ತಿದ್ದವು, ಸೀತಾಫಲ ಹಣ್ಣಾಗುತ್ತಿತ್ತು. ಗಡಿಗೆಂದು ನೆಟ್ಟಿದ್ದ ಕಲ್ಲುಗಳು ಅಲ್ಲಲ್ಲಿ ವಾಲಿಕೊಂಡಿದ್ದವು, ಒಂದೊಂದರ ಮೇಲೂ ಮಿಲಿಟ್ರಿಯ ಬಾಣದ ಗುರುತು. ಹದವಾದ ಕಲ್ಲು ಬಿದ್ದಿದ್ದರೆ ನಮ್ಮವರು ಬಿಟ್ಟಾರೆಯೇ. ಬಟ್ಟೆ ಒಗೆಯಲು ಒಬ್ಬರು, ಕೊಟ್ಟಿಗೆಯ ಮೆಟ್ಟಿಲಿಗೆ ಇನ್ನೊಬ್ಬರು, ಎತ್ತಿಕೊಂಡು ಬಂದರು.

ಅತ್ತೆ ಕಾಮಾಲೆಯಾಗಿ ತೀರಿಕೊಂಡಾಗ ಆ ಬಯಲಿಗೆ ಅಂಟಿಕೊಂಡಿದ್ದ ಸ್ವಂತ ಹೊಲದ ಬದಿಯಲ್ಲಿ ಮಣ್ಣು ಮಾಡಿದರು. ನಮ್ಮಲ್ಲಿ ಸತ್ತವರ ತಲೆಯ ಹತ್ತಿರ ಒಂದು ಕಲ್ಲು ನೆಡುತ್ತಾರೆ. ಹಾಲು-ತುಪ್ಪ ಬಿಡುವುದು, ಪಿತೃಪಕ್ಷದಲ್ಲಿ ಎಡೆ ಇಡುವುದು ಎಲ್ಲ ಆ ಕಲ್ಲಿಗೇ. ಮಾವ ಎತ್ತಿನ ಗಾಡಿ ಕಟ್ಟಿ, ಬಯಲಿನ ಒಳಗೆ ಬಲುದೂರ ಹೋಗಿ, ಬಾಣದ ಗುರುತು ಚೆನ್ನಾಗಿ ಉಳಿದಿದ್ದ ಒಂದು ಕಲ್ಲನ್ನು ಕಿತ್ತು ತಂದರು. ಬೇರೆ ಕಲ್ಲು ಸಿಗುತ್ತಿರಲಿಲ್ಲವೆಂದಲ್ಲ. "ನಮ್ ಮದ್ದಿನ ಪೆಟ್ಗೆ ಮ್ಯಾಲೂ ಇದೇ ಗುರ್ತು ಇರ್ತಿತ್ತು. ನಾನು ಗಡಿಯಲ್ಲಿದ್ದಾಗ ಮನೇಲಿ ಡ್ಯೂಟಿ ಮಾಡ್ದೋಳು ಅವ್ಳು. ಅವ್ಳಿಗೂ ಇರ್ಲಿ" ಎಂದರು. ಆ ಕಲ್ಲಿಗೆ ಕುಂಕುಮ ಹಚ್ಚುವಾಗ ಅವರ ಮುಖದಲ್ಲಿ ಇದ್ದದ್ದು ದುಃಖವೋ ಹೆಮ್ಮೆಯೋ ನನಗೆ ತಿಳಿಯಲಿಲ್ಲ.

ಆಮೇಲೆ ಹಾರೋಹಳ್ಳಿ ಕಡೆಯಿಂದ ಫ್ಯಾಕ್ಟರಿಗಳು ಬೆಳೆಯುತ್ತ ಬಂದು ನಮ್ಮ ಕಡೆಯ ಕಲ್ಲುನೆಲಕ್ಕೂ ಬೆಲೆ ಬಂತು. ಮಿಲಿಟ್ರಿಯವರಿಗೆ ತಮ್ಮ ಬಯಲು ನೆನಪಾಯಿತು. ಬೇಲಿ ಹಾಕುವ ಗುತ್ತಿಗೆದಾರನ ಆಳುಗಳು ಬಂದು ಗಡಿಕಲ್ಲು ಹುಡುಕಿದರು. ನೆಟ್ಟಗೆ ನಿಂತಿದ್ದದ್ದು ಒಂದೇ ಕಲ್ಲು. ಕುಂಕುಮ ಕೆರೆದು ನೋಡಿದರೆ ಬಾಣ. ಅದರ ಈಚೆಯಿಂದಲೇ ಮುಳ್ಳುತಂತಿ ಎಳೆದು, ರಕ್ಷಣಾ ಭೂಮಿ, ಪ್ರವೇಶ ನಿಷೇಧ ಎಂದು ಹಲಗೆ ಹಾಕಿ ಹೋದರು. ಎಷ್ಟೋ ಮನೆಯವರ ಹೊಲದ ತುಂಡು ಒಳಗೆ ಹೋಯಿತು. ಅತ್ತೆಯೂ ಒಳಗೆ ಹೋದರು.

ಬೇಲಿಯೇ ಎದ್ದು ಹೊಲ ಮೇಯಿತು ಎಂದು ಊರವರು ಬೈದರೆ ಮಾವ ಒಪ್ಪುತ್ತಿರಲಿಲ್ಲ. "ಬೇಲಿ ಯಾಕ್ ಮೇಯ್ತದೆ, ದಾರಿ ತೋರ್ಸ್ದವ್ನು ನಾನು" ಎನ್ನುತ್ತಿದ್ದರು. ಅವರಿಗೆ ಬೇಕಾಗಿದ್ದದ್ದು ಬಯಲಿನ ಹಳೆಯ ನಕ್ಷೆ. ನಕ್ಷೆಯಲ್ಲಿ ಕಲ್ಲಿನ ಮೊದಲ ಜಾಗ ಕಾಣುತ್ತದೆ, ಬೇಲಿ ತಪ್ಪೆಂದು ಗೊತ್ತಾಗುತ್ತದೆ, ತಾನು ಸತ್ತಾಗ ಹೆಂಡತಿಯ ಪಕ್ಕದಲ್ಲಿ ಮಲಗಬಹುದು. ಇಷ್ಟೇ ಅವರ ಲೆಕ್ಕ. ತಾಲ್ಲೂಕು ಆಫೀಸಿನಲ್ಲಿ ನಕ್ಷೆ ತಮ್ಮಲ್ಲಿಲ್ಲ, ಮಿಲಿಟ್ರಿಯವರನ್ನು ಕೇಳಿ ಎಂದರು. ಮಾಹಿತಿ ಹಕ್ಕಿನ ಅರ್ಜಿಯನ್ನು ನಾನು ಬರೆದೆ, ಮಾವ ಸಹಿ ಹಾಕಿದರು. ಸಹಿಯ ಕೆಳಗೆ ತಮ್ಮ ಪಡೆಯ ನಂಬರನ್ನೂ ಬರೆದು, "ನೋಡ್ದೇಟ್ಗೆ ನಮ್ಮೋನು ಅಂತ ಗೊತ್ತಾಯ್ತದೆ" ಎಂದರು.

ಗೊತ್ತಾಯಿತೋ ಇಲ್ಲವೋ. ದೇಶದ ಭದ್ರತೆಗೆ ಸಂಬಂಧಿಸಿದ್ದು, ಕೊಡಲಾಗದು ಎಂದು ಬಂತು. ಮೇಲ್ಮನವಿಗೂ ಅದೇ ಉತ್ತರ. ಬರೆದವರ ಕೈ ಒಸಿಯೂ ನಡುಗಿರಲಿಲ್ಲ. ಬರೆದು ಕೊಡಿ ಎಂದು ಮಾವ ಕೇಳುವ ಮೊದಲೇ ಇಲ್ಲ ಎಂದು ಬರೆದು ಕೊಟ್ಟಿದ್ದರು.

ಮಹಾಲಯ ಅಮಾವಾಸ್ಯೆಗೆ ಮಾವ ಎಡೆ ಹಿಡಿದುಕೊಂಡು ಬೇಲಿಯ ಗೇಟಿನ ಹತ್ತಿರ ಹೋದರು. ಕಾವಲಿಗಿದ್ದವನು ಉತ್ತರದ ಕಡೆಯ ಹುಡುಗ. ಮಾವ ತಮ್ಮ ಹಿಂದಿಯಲ್ಲಿ ಎಲ್ಲ ಹೇಳಿದರು. ಅವನು ಎದ್ದು ನಿಂತು ಸೆಲ್ಯೂಟ್ ಹೊಡೆದ, ಒಳಗೆ ಮಾತ್ರ ಬಿಡಲಿಲ್ಲ. ಬೇಲಿಯ ಈಚೆಯೇ ಎಲೆ ಹಾಸಿ, ಕಲ್ಲಿನ ಕಡೆಗೆ ಕೈಮುಗಿದು ಬಂದರು. ನಾನು ಆ ಹುಡುಗನನ್ನು ಬೈದೆ. ಅವರು ಮಾತ್ರ, "ಡ್ಯೂಟಿ ಮಾಡ್ತಾವ್ನೆ, ಅವನ ತಪ್ಪೇನೈತೆ" ಎಂದರು.

ಕೊನೆಯ ವಿಚಾರಣೆ ದೆಹಲಿಯ ಮಾಹಿತಿ ಆಯೋಗದಲ್ಲಿ. ನಾವು ರಾಮನಗರದ ಸರ್ಕಾರಿ ಕಚೇರಿಯ ಒಂದು ಕೋಣೆಯಲ್ಲಿ ಟೀವಿಯ ಮುಂದೆ ಕೂರಬೇಕಿತ್ತು. ಬೂಟು ಎರಡನೆಯ ಸಲ ಕಾಲಿಗೆ ಏರಿದ್ದು ಅವತ್ತು. ತೆರೆಯ ಮೇಲೆ ಆಯೋಗದ ಸಾಹೇಬರ ಮುಖ ಕಂಡ ತಕ್ಷಣ ಮಾವ ಎದ್ದು ಸೆಲ್ಯೂಟ್ ಹೊಡೆದರು. ಇನ್ನೊಂದು ಚೌಕದಲ್ಲಿ ಮಿಲಿಟ್ರಿ ಭೂಮಿಯ ಅಧಿಕಾರಿ ಕೂತಿದ್ದ. ನಿಮಗೆ ಜಾಗ ವಾಪಸು ಬೇಕೇ ಎಂದು ಸಾಹೇಬರು ಹಿಂದಿಯಲ್ಲಿ ಕೇಳಿದರು. ಜಾಗ ಬೇಡ, ಗೆರೆ ಎಲ್ಲಿದೆ ಎಂದು ತೋರಿಸಿದರೆ ಸಾಕು, ಆ ಕಲ್ಲು ಅಲ್ಲಿನದಲ್ಲ, ಒಳಗಿನಿಂದ ಕಿತ್ತು ತಂದು ನೆಟ್ಟವನು ನಾನೇ ಎಂದು ಮಾವ ಬಲಗಿವಿ ಮುಂದೆ ಮಾಡಿಕೊಂಡು ಒಪ್ಪವಾಗಿ ಹೇಳಿದರು. ಸತ್ಯ ಹೇಳಿದರೆ ಕೆಲಸವಾಗುತ್ತದೆ ಎಂದು ಅವರು ನಂಬಿದ್ದರು. ನಾನೂ ನಂಬಿದ್ದೆ.

ಅಧಿಕಾರಿ ಅದನ್ನು ಬರೆದುಕೊಂಡ. ರಕ್ಷಣಾ ಭೂಮಿಯ ಗಡಿಕಲ್ಲು ಕೀಳುವುದು ಅಪರಾಧ, ಕಿತ್ತವರು ಯಾರೆಂದು ಈಗ ದಾಖಲೆಗೆ ಬಂದಂತಾಯಿತು ಎಂದ. ನಕ್ಷೆ ಕೊಡುವುದಿಲ್ಲ ಎಂಬ ತೀರ್ಮಾನ ಬರಲು ಆಮೇಲೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಹೊರಗೆ ಬಂದು ಮಾವ ಮೆಟ್ಟಿಲ ಮೇಲೆ ಕೂತರು. ಎಡಗಿವಿಯ ಹತ್ತಿ ತೆಗೆದು ಒಂದಿಷ್ಟು ಹೊತ್ತು ಬೆರಳಿನಲ್ಲಿ ಹೊಸೆದು, ಬಲಗಿವಿಗೆ ಇಟ್ಟುಕೊಂಡರು. ಟೀ ಕುಡಿಯೋಣವೇ ಎಂದು ನಾನು ಕೇಳಿದ್ದು ಅವರಿಗೆ ಕೇಳಿಸಲಿಲ್ಲ.

ಸುದ್ದಿ ಊರಿಗೆ ಮುಟ್ಟಿದ ವಾರದಲ್ಲೇ ಬಾಣದ ಗುರುತಿನ ಕಲ್ಲುಗಳೆಲ್ಲ ಮಾಯವಾದವು. ಒಗೆಯುವ ಕಲ್ಲು, ಮೆಟ್ಟಿಲ ಕಲ್ಲು, ಎಲ್ಲವನ್ನೂ ಒಡೆದು ಹಾಳುಬಾವಿಗೆ ಸುರಿದರು. "ಬಾಯ್ ಮುಚ್ಕೊಂಡ್ ಕುಂತಿದ್ರೆ ಆಯ್ತಿರ್ಲಿಲ್ವಾ? ಈವಯ್ಯ ಊರ್ನೆಲ್ಲಾ ಕೇಸ್ಗೆ ಸಿಗಾಕ್ಸ್ಬುಟ್ಟ" ಎಂದು ಊರವರು ಮಾವನ ಜಗಲಿಯ ಮುಂದೆಯೇ ಅಂದರು. ಮಾವ ಯಾವ ಕಿವಿಯನ್ನೂ ತಿರುಗಿಸಲಿಲ್ಲ. ಬೂಟಿಗೆ ಪಾಲಿಶ್ ಹಾಕುವುದನ್ನು ಮಾತ್ರ ಬಿಟ್ಟರು. ಮುಂದಿನ ರಾಗಿ ಕುಯ್ಲಿನ ಹೊತ್ತಿಗೆ ಹೋಗಿಯೇಬಿಟ್ಟರು. ಡಾಕ್ಟರು ಹೃದಯ ಎಂದರು.

ಬೇಲಿಯ ಈಚೆ ಉಳಿದಿದ್ದ ಹೊಲದ ಅಂಚಿನಲ್ಲಿ, ಅತ್ತೆಗೆ ಎಷ್ಟು ಹತ್ತಿರ ಆಗುತ್ತದೋ ಅಷ್ಟು ಹತ್ತಿರ, ಅವರನ್ನು ಮಣ್ಣು ಮಾಡಿದೆವು. ಮಾವನ ಮಗ ಕಬ್ಬಾಳಿನ ಕಡೆಯಿಂದ ಒಳ್ಳೆಯ ಕಲ್ಲೊಂದನ್ನು ಮಾಡಿಸಿಕೊಂಡು ಬಂದಿದ್ದ. ಹಾಲು-ತುಪ್ಪದ ದಿನ ಅದನ್ನು ನೆಡಲು ಗುಂಡಿ ತೋಡುತ್ತಿದ್ದಾಗ ಊರಿನ ಹಿರಿಯರೊಬ್ಬರು ಗುದ್ದಲಿ ಹಿಡಿದುಕೊಂಡರು.

"ಬ್ಯಾಡ ಕಣ್ಲಾ. ನಾಳೆ ಬಂದೋರು ಇದ್ನೂ ಗಡಿ ಅಂದ್ಕಂಡಾರು. ಉಳ್ದಿರಾದ್ನೂ ಎಳ್ಕೊಂಡೋದ್ರೆ ಏನ್ ಮಾಡ್ತೀಯ?"

ಮಗ ತೋಡಿದ ಗುಂಡಿಯನ್ನು ಮುಚ್ಚಿದ. ಆ ಕಲ್ಲು ಈಗ ಮಗನ ಕೊಟ್ಟಿಗೆಯ ಗೋಡೆಗೆ ಒರಗಿಕೊಂಡಿದೆ. ಹಾಲನ್ನು ಬರಿ ಮಣ್ಣಿಗೆ ಸುರಿದೆವು.

ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಗುಡ್ಡೆ ನೆಲಕ್ಕೆ ಸಮನಾಗಿ ಮೇಲೆ ಹುಲ್ಲು ಬಂತು. ಮೊನ್ನೆ ಮೊನ್ನೆ ಅಳತೆಯ ಯಂತ್ರ ಹೊತ್ತ ಹುಡುಗನೊಬ್ಬ ಬೇಲಿಯ ಉದ್ದಕ್ಕೂ ಬಂದ. ಯಾವ ಇಲಾಖೆ ಎಂದು ಕೇಳಿದರೆ ನಕ್ಕ, ಹೇಳಲಿಲ್ಲ. ಒಳ್ಳೆಯ ಹುಡುಗನೇ, ನೀರು ಕೇಳಿ ಕುಡಿದ. ಆಮೇಲೆ ಸರಿಯಾಗಿ ಮಾವನ ಮೇಲೆಯೇ ಮೂರುಕಾಲಿನ ಸ್ಟ್ಯಾಂಡು ಊರಿ, "ಇಲ್ಲಿ ಸಮಾಧಿ ಗಿಮಾಧಿ ಏನಾದ್ರೂ ಐತಾ ಅಕ್ಕ?" ಎಂದ.

ಮಾವನ ಮಗ ನನ್ನ ಮುಖ ನೋಡಿದ. ಊರಿನಲ್ಲಿ ಕಾಲೇಜು ಮೆಟ್ಟಿಲು ಹತ್ತಿದವಳು ನಾನು, ಆಫೀಸಿನವರ ಜೊತೆ ಮಾತು ಯಾವಾಗಲೂ ನನ್ನದೇ.

"ಇಲ್ಲಪ್ಪ, ಇಲ್ಲಿ ಯಾರೂ ಇಲ್ಲ" ಎಂದೆ.

ಹುಡುಗ ತಲೆಯಾಡಿಸಿ ಅದನ್ನು ಬರೆದುಕೊಂಡ.